ಮಗಳಿಗೊಂದು ಪತ್ರ: ಎರಡು ಜರ್ಬಿಲ್‌ಗಳ ವಿಷಯ

ಲೆಸ್ಟರ್, ಇಂಗ್ಲೆಂಡ್,
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ,

ಫ್ರಿಜ್ಜಿನ ಬಾಗಿಲಿಗೆ ನೀನು ಅಂಟಿಸಿದ್ದ ಚೀಟಿಯನ್ನು ಓದಿದೆ. ‘ಹತ್ತನೇ ಹುಟ್ಟುಹಬ್ಬಕ್ಕೆ ನನಗೆ ಒಂದು ಜರ್ಬಿಲ್ ಬೇಕು’ ಎಂದು ಬರೆದು, ಅದರ ಕೆಳಗೆ ‘ಹೌದು’, ‘ಇಲ್ಲ’ ಎಂಬ ಎರಡು ಚೌಕಗಳನ್ನೂ ಎಳೆದಿದ್ದೀಯೆ. ಇಲಿಯ ಬಳಗದ ಈ ಪುಟ್ಟ ಪ್ರಾಣಿಯನ್ನು ಸಾಕುವುದು ಒಂದು ಚೌಕಕ್ಕೆ ಗುರುತು ಹಾಕಿ ಮುಗಿಸಬಹುದಾದ ವಿಷಯವಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಕನ್ನಡ ತರಗತಿಯಲ್ಲಿ ಒತ್ತಕ್ಷರಗಳನ್ನು ಮುಗಿಸಿದ್ದೀಯೆಂದು ನಿನ್ನ ಟೀಚರ್ ಹೇಳಿದರು. ಎಲ್ಲಾದರೂ ತೊಡಕಾದರೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು.

ಮೊದಲಿಗೆ ನಿನ್ನ ಚೀಟಿಯಲ್ಲಿರುವ ‘ಒಂದು’ ಎಂಬ ಪದವನ್ನು ಹೊಡೆದುಹಾಕಬೇಕು. ಹ್ಯಾಮ್ಸ್ಟರ್‌ ಎಂಬ ಇನ್ನೊಂದು ಪುಟ್ಟ ಸಾಕುಪ್ರಾಣಿ ಒಂಟಿಯಾಗಿಯೇ ಸುಖವಾಗಿರುತ್ತದೆ, ಹಗಲೆಲ್ಲ ಮಲಗಿ ನೀನು ನಿದ್ದೆಹೋದ ಮೇಲೆ ಏಳುತ್ತದೆ. ಜರ್ಬಿಲ್ ಹಾಗಲ್ಲ. ಅದು ಕುಟುಂಬ ಕಟ್ಟಿಕೊಂಡು ಬದುಕುವ ಪ್ರಾಣಿ. ಹಗಲು ರಾತ್ರಿಗಳೆರಡರಲ್ಲೂ ಸ್ವಲ್ಪ ಹೊತ್ತು ಓಡಾಡಿ, ಸ್ವಲ್ಪ ಹೊತ್ತು ಒಂದರ ಮೇಲೊಂದು ಬಿದ್ದುಕೊಂಡು ಮಲಗುತ್ತದೆ. ಆದ್ದರಿಂದ ತರುವುದಾದರೆ ಎರಡನ್ನು ತರಬೇಕು, ಅದೂ ಒಂದೇ ಸೂಲಿನ ಇಬ್ಬರು ಅಣ್ಣತಮ್ಮಂದಿರನ್ನು ಅಥವಾ ಇಬ್ಬರು ಅಕ್ಕತಂಗಿಯರನ್ನು. ಇಂದು ಒಂದನ್ನು ತಂದು, ಅದಕ್ಕೆ ಬೇಸರವಾದೀತೆಂದು ಆರು ತಿಂಗಳ ನಂತರ ಇನ್ನೊಂದನ್ನು ತಂದು ಜೊತೆಗೆ ಬಿಟ್ಟರೆ, ಪರಿಚಯವಿಲ್ಲದ ಆ ಎರಡು ಒಂದನ್ನೊಂದು ಕಚ್ಚಿ ಕೊಲ್ಲುವವರೆಗೂ ಹೋಗಬಲ್ಲವು.

ಅಣ್ಣತಮ್ಮಂದಿರೇ ಹೌದೋ ಅಲ್ಲವೋ ಎಂಬುದನ್ನೂ ಕಣ್ಣಾರೆ ನೋಡಿಕೊಳ್ಳಬೇಕು. ನನ್ನ ಆಫೀಸಿನ ಗೆಳೆಯರೊಬ್ಬರು ‘ಅಕ್ಕತಂಗಿಯರು’ ಎಂದು ಅಂಗಡಿಯವರು ಕೊಟ್ಟ ಜೋಡಿಯನ್ನು ಮನೆಗೆ ತಂದು, ತಿಂಗಳು ತುಂಬುವಷ್ಟರಲ್ಲಿ ಹುರುಳಿಕಾಯಿ ಬೀಜದ ಬಣ್ಣದ ಐದು ಮರಿಗಳನ್ನು ಕಂಡು ದಂಗಾದರು. ಜರ್ಬಿಲ್‌ನ ಗಬ್ಬದ ಅವಧಿ 24ರಿಂದ 26 ದಿನಗಳಷ್ಟೇ, ಮತ್ತು ಹೆತ್ತ ದಿನವೇ ಅದು ಮತ್ತೆ ಗಬ್ಬವಾಗಬಲ್ಲದು. ಇದು ಗೊತ್ತಿಲ್ಲದ ಅವರು ಜೋಡಿಯನ್ನು ಬೇರ್ಪಡಿಸಲಿಲ್ಲ, ಎರಡನೆಯ ಸೂಲೂ ಬಂದೇಬಿಟ್ಟಿತು. ಆ ಹತ್ತು ಹನ್ನೆರಡು ಮರಿಗಳಿಗೆ ಮನೆ ಹುಡುಕುವಷ್ಟರಲ್ಲಿ ಅವರು ಮಗಳ ಮದುವೆ ಮಾಡಿದವರಂತೆ ಸೋತುಹೋಗಿದ್ದರು.

ಈ ಪ್ರಾಣಿ ಎಲ್ಲಿಯದೆಂದು ತಿಳಿದರೆ ಅದಕ್ಕೆ ಏನು ಬೇಕೆಂಬುದು ತಾನಾಗಿ ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ಸಾಕುವ ಜರ್ಬಿಲ್‌ಗಳು ಮಂಗೋಲಿಯ ಮತ್ತು ಉತ್ತರ ಚೀನಾದ ಒಣ ಹುಲ್ಲುಗಾವಲುಗಳಿಂದ ಬಂದವು. 1935ರಲ್ಲಿ ಅಮೂರ್ ನದಿಯ ಸೀಮೆಯಲ್ಲಿ ಹಿಡಿದು ಜಪಾನಿಗೆ ಒಯ್ದ ಜರ್ಬಿಲ್‌ಗಳ ಸಂತತಿ 1954ರಲ್ಲಿ ಅಮೆರಿಕದ ಪ್ರಯೋಗಾಲಯಗಳನ್ನೂ 1964ರಲ್ಲಿ ಬ್ರಿಟನ್ನನ್ನೂ ತಲುಪಿತು. ಇಲ್ಲಿನ ಮಕ್ಕಳ ಕೋಣೆಗಳನ್ನು ಸೇರಿದ್ದು ಆಮೇಲೆ. ನಮ್ಮ ಚಳ್ಳಕೆರೆಯ ಕಡೆಯೂ ಇದರ ದಾಯಾದಿ ಉಂಟು. ರಾತ್ರಿ ಅಜ್ಜನ ಜೊತೆ ಶೇಂಗಾ ಹೊಲ ಕಾಯಲು ಹೋದಾಗ, ಟಾರ್ಚಿನ ಬೆಳಕಿಗೆ ಸಿಕ್ಕಿ ಬದುವಿನಿಂದ ಬದುವಿಗೆ ಜಿಗಿಯುತ್ತಿದ್ದ, ಬಾಲದ ತುದಿಯಲ್ಲಿ ಕಪ್ಪು ಕುಚ್ಚಿದ್ದ, ದೊಡ್ಡ ಕಣ್ಣಿನ ಬಯಲಿಲಿಯೇ ಅದು. ನಾವು ಅದನ್ನು ಓಡಿಸುವುದಕ್ಕೆ ಕಲಿತವರೇ ಹೊರತು ಸಾಕುವುದಕ್ಕಲ್ಲ. ನೀನು ಇಲಿ ಸಾಕುತ್ತೀಯೆಂದು ಫೋನಿನಲ್ಲಿ ಹೇಳಿದರೆ ಅಜ್ಜಿ ಏನೆಂದಾಳೆಂಬುದನ್ನು ನಾನು ಇನ್ನೂ ಯೋಚಿಸುತ್ತಿದ್ದೇನೆ. ಗಣಪನ ವಾಹನದ ಹೆಸರು ಹೇಳಿ ಪಾರಾಗಬಹುದೇನೋ.

ಸುಡುವ ಬೇಸಗೆ, ಹೆಪ್ಪುಗಟ್ಟಿಸುವ ಚಳಿ ಎರಡೂ ಇರುವ ಆ ನಾಡಿನಲ್ಲಿ ಜರ್ಬಿಲ್ ಬದುಕಿರುವುದು ಬಿಲದ ಬಲದಿಂದ. ಪಂಜರದಲ್ಲಿ ಸಾಕಿದ ಜರ್ಬಿಲ್ ಗಾಜಿನ ಮೂಲೆಯೊಂದನ್ನು ಹಿಡಿದು ಗಂಟೆಗಟ್ಟಲೆ ಕೆರೆಯುತ್ತಲೇ ಇರುವುದನ್ನು ನೀನು ವಿಡಿಯೊಗಳಲ್ಲಿ ನೋಡಿ ನಕ್ಕಿದ್ದೀಯೆ. ಅದು ಆಟವಲ್ಲ, ಪುಟ್ಟಿ. ವೀಡನ್‌ಮೇಯರ್ ಎಂಬ ವಿಜ್ಞಾನಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೆದಕಲು ಮರಳು ಮಾತ್ರ ಸಿಕ್ಕ ಮರಿಗಳು ಈ ಗೀಳನ್ನು ಅಂಟಿಸಿಕೊಂಡವು. ಕಿರಿದಾದ ಸುರಂಗದ ಮೂಲಕ ಕತ್ತಲೆಯ ಗೂಡೊಂದನ್ನು ಸೇರುವಂತೆ ಮಾಡಿಕೊಟ್ಟ ಮರಿಗಳಿಗೆ ಅದು ಅಂಟಲಿಲ್ಲ. ಎಂದರೆ ಜರ್ಬಿಲ್‌ಗೆ ಬೇಕಾದದ್ದು ಅಗೆಯುವ ಕೆಲಸಕ್ಕಿಂತ ಹೆಚ್ಚಾಗಿ, ಅಗೆದ ಮೇಲೆ ಸಿಗಬೇಕಾದ ಬಿಲ. ಇದನ್ನು ಓದಿದ ಮೇಲೆ, ಅಂಗಡಿಯಲ್ಲಿ ನೀನು ಮೆಚ್ಚಿದ ಆ ಗುಲಾಬಿ ಬಣ್ಣದ, ಪ್ಲಾಸ್ಟಿಕ್ ತಳದ, ತಂತಿಯ ಪಂಜರವನ್ನು ಕೊಳ್ಳಲು ನನಗೆ ಮನಸ್ಸು ಬರುತ್ತಿಲ್ಲ. ಪ್ಲಾಸ್ಟಿಕ್ಕನ್ನು ಅದು ಹೇಗೂ ಕಡಿದು ಚೂರು ಮಾಡುತ್ತದೆ, ಏಕೆಂದರೆ ಅದರ ಬಾಚಿಹಲ್ಲುಗಳು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತವೆ.

ಅದರ ಬದಲು ಒಂದು ಮೀಟರ್ ಉದ್ದದ ಗಾಜಿನ ತೊಟ್ಟಿಯನ್ನು ತರೋಣ, ಮೇಲೆ ತಂತಿ ಜಾಲರಿಯ ಮುಚ್ಚಳ ಇರಲಿ. ಒಳಗೆ ಕಾಗದದ ಚೂರು, ಒಣಹುಲ್ಲು, ರಟ್ಟಿನ ತುಂಡುಗಳನ್ನು ಬೆರೆಸಿ 30 ಸೆಂಟಿಮೀಟರ್ ಎತ್ತರಕ್ಕೆ ಒತ್ತಿ ತುಂಬಿದರೆ ಸುರಂಗ ಕುಸಿಯದೆ ನಿಲ್ಲುತ್ತದೆ. ಪೈನ್ ಮತ್ತು ಸೀಡರ್ ಮರದ ಹೊಟ್ಟು ಬೇಡ, ಅದರ ಘಾಟು ಉಸಿರಿಗೆ ಒಳ್ಳೆಯದಲ್ಲ. ಹತ್ತಿಯಂತೆ ಮೃದುವಾದ ಹಾಸೂ ಬೇಡ, ಅದರ ಎಳೆಗಳು ಕಾಲಿಗೆ ಸುತ್ತಿಕೊಳ್ಳುತ್ತವೆ. ಓಡುವ ಚಕ್ರಕ್ಕೆ ಸರಳುಗಳಿರದೆ ಹಲಗೆಯಂತೆ ಮುಚ್ಚಿದ ಮೈ ಇರಬೇಕು. ಹೊರಳಾಡಲು ಒಂದು ಬಟ್ಟಲು ನಯವಾದ ಮರಳು ಬೇಕು, ಅದರ ಸ್ನಾನ ಅದೇ. ತೊಟ್ಟಿಯ ಜಾಗ ಕಿಟಕಿಯ ಬಿಸಿಲಿಗೂ ರೇಡಿಯೇಟರಿಗೂ ಟಿವಿಗೂ ದೂರವಿರಬೇಕು. ನಮ್ಮ ಕಿವಿಗೆ ಕೇಳದ ಎಷ್ಟೋ ಸದ್ದು ಅದಕ್ಕೆ ಕೇಳುತ್ತದೆ. ಒಣನಾಡಿನ ಪ್ರಾಣಿಯಾದ್ದರಿಂದ ಅದು ಮೂತ್ರ ಮಾಡುವುದು ಕಡಿಮೆ, ವಾಸನೆಯೂ ಕಡಿಮೆ. ಹಾಗೆಂದು ನೀರಿನ ಬಾಟಲಿಯನ್ನು ಬರಿದಾಗಿಸುವಂತಿಲ್ಲ. ಪ್ರತಿ ವಾರವೂ ಎಲ್ಲವನ್ನೂ ಖಾಲಿ ಮಾಡಿ ತೊಳೆಯಬೇಕಾಗಿಲ್ಲ; ಒದ್ದೆಯಾದ ಮೂಲೆಯನ್ನು ಆಗಾಗ ತೆಗೆದು, ಹಾಸನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಿದರೆ ಅವುಗಳ ಗುರುತಿನ ವಾಸನೆ ಉಳಿದು, ನಂಟು ಕೆಡುವುದಿಲ್ಲ.

ಊಟದ ವಿಷಯ ನಿನಗೆ ಸ್ವಲ್ಪ ಕಷ್ಟವಾಗಬಹುದು. ಕಾಳುಗಳ ಮಿಶ್ರಣದಲ್ಲಿ ಸೂರ್ಯಕಾಂತಿ ಬೀಜವೇ ಅವಕ್ಕೆ ಬಲು ಇಷ್ಟ, ನಿನಗೆ ಹಪ್ಪಳದ ಹಾಗೆ. ಕೊಟ್ಟಷ್ಟೂ ಅದನ್ನೇ ತಿಂದು, ಉಳಿದದ್ದನ್ನು ಬಿಟ್ಟು, ಮೈ ಬೆಳೆಸಿಕೊಳ್ಳುತ್ತವೆ. ಅದನ್ನು ಬಟ್ಟಲಿಗೆ ಸುರಿಯದೆ ದಿನಕ್ಕೆ ಒಂದೆರಡನ್ನು ಮಾತ್ರ ಅಂಗೈಯಲ್ಲಿಟ್ಟು ಕೊಡು. ಅವು ನಿನ್ನನ್ನು ಪರಿಚಯ ಮಾಡಿಕೊಳ್ಳಲು ಇರುವ ದಾರಿಯೂ ಅದೇ. ತಂದ ಮೊದಲ ದಿನಗಳಲ್ಲಿ ಮುಟ್ಟಲೇಬೇಡ. ಆಮೇಲೆ ತೊಳೆದ ಕೈಯನ್ನು ಹಾಸಿನ ಮೇಲೆ ಸುಮ್ಮನೆ ಇಟ್ಟು ಕಾಯಬೇಕು, ಏಕೆಂದರೆ ಬೆರಳಿಗೆ ಬಿಸ್ಕತ್ತಿನ ವಾಸನೆಯಿದ್ದರೆ ಬೆರಳೇ ಬಿಸ್ಕತ್ತೆಂದು ಕಡಿದು ನೋಡೀತು. ಅಂಗೈಗೆ ತಾನಾಗಿ ಹತ್ತುವುದಕ್ಕೆ ವಾರಗಳೇ ಹಿಡಿಯಬಹುದು. ಎತ್ತುವಾಗ ನೆಲದ ಮೇಲೆ ಕುಳಿತು, ಎರಡೂ ಕೈಗಳ ಬೊಗಸೆಯಲ್ಲಿ ಎತ್ತು. ನಿಂತು ಎತ್ತಿದರೆ ಅದು ಜಿಗಿದು ಬಿದ್ದೀತು.

ಬಾಲವನ್ನು ಮಾತ್ರ ಎಂದಿಗೂ ಹಿಡಿಯಬಾರದು. ಆ ಗೆಳೆಯರ ಮನೆಯಲ್ಲೇ ಸೋಫಾದ ಕೆಳಗೆ ನುಗ್ಗುತ್ತಿದ್ದ ಜರ್ಬಿಲ್‌ನ ಬಾಲವನ್ನು ಹುಡುಗನೊಬ್ಬ ಹಿಡಿದಾಗ, ಕಾಲುಚೀಲ ಕಳಚಿದಂತೆ ತುದಿಯ ಚರ್ಮ ಕೂದಲ ಸಮೇತ ಅವನ ಬೆರಳುಗಳ ನಡುವೆ ಉಳಿಯಿತು, ಜರ್ಬಿಲ್ ಓಡಿಹೋಯಿತು. ಹಾಗೆ ಹೋದ ಚರ್ಮ ಮತ್ತೆ ಬರುವುದಿಲ್ಲ. ಹಿಂಗಾಲಿನಿಂದ ಧಬಧಬನೆ ನೆಲ ಗುದ್ದಿದರೆ ಅದು ತನ್ನವರಿಗೆ ಎಚ್ಚರಿಕೆ ಕೊಡುತ್ತಿದೆಯೆಂದು ತಿಳಿದು ಸದ್ದು ಮಾಡದಿರು. ಕೆಲವು ಜರ್ಬಿಲ್‌ಗಳಿಗೆ ಬೆದರಿದಾಗ ಫಿಟ್ಸ್ ಬರುವುದುಂಟು. ಆಗ ಎತ್ತಿ ಮುದ್ದಾಡಲು ಹೋಗದೆ, ದೀಪ ಆರಿಸಿ ನನ್ನನ್ನು ಕೂಗು.

ಇನ್ನು ಒಡೆತನದ ಮಾತು. ಈ ದೇಶದ 2006ರ ಪ್ರಾಣಿ ಕಲ್ಯಾಣ ಕಾಯಿದೆಯ ಪ್ರಕಾರ 16 ತುಂಬದವರಿಗೆ ಪ್ರಾಣಿಯನ್ನು ಮಾರುವಂತಿಲ್ಲ. ಮಗುವಿನ ಪ್ರಾಣಿಯ ಹೊಣೆ ಆ ಮಗುವನ್ನು ನೋಡಿಕೊಳ್ಳುವವರದೇ. ಆದ್ದರಿಂದ ರಸೀದಿ ನನ್ನ ಹೆಸರಿನಲ್ಲಿರುತ್ತದೆ, ನೀನು ಮರೆತ ದಿನ ನೀರು ತುಂಬುವವನೂ ನಾನೇ, ಮತ್ತು ಅದಕ್ಕಾಗಿ ನಿನ್ನನ್ನು ಗದರಿಸುವುದಿಲ್ಲ. ಫ್ರೀಮಾಂಟಿನಲ್ಲಿರುವ ಚಿಕ್ಕಮ್ಮನ ಮಗನಿಗಂತೂ ಇಷ್ಟೂ ಸಾಧ್ಯವಿಲ್ಲ. ಕ್ಯಾಲಿಫೋರ್ನಿಯದಲ್ಲಿ ಜರ್ಬಿಲ್ ಸಾಕುವುದಕ್ಕೇ ನಿಷೇಧವಿದೆ, ತಪ್ಪಿಸಿಕೊಂಡವು ಅಲ್ಲಿನ ಒಣಭೂಮಿಯಲ್ಲಿ ಬೀಡುಬಿಟ್ಟಾವೆಂಬ ಭಯ ಅಲ್ಲಿನ ಸರ್ಕಾರಕ್ಕೆ. ಅವನ ಮುಂದೆ ಹೆಚ್ಚು ಮೆರೆಯಬೇಡ.

ಜರ್ಬಿಲ್ ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಬದುಕುತ್ತದೆ. ನೀನು ಹೈಸ್ಕೂಲಿಗೆ ಹೋಗುವಾಗಲೂ ಅವು ಇದ್ದೇ ಇರುತ್ತವೆ, ಆಗ ನಿನಗೆ ಗೆಳತಿಯರ ಮಾತೇ ಹೆಚ್ಚಾಗಿರುತ್ತದೆ. ನಡುವೆ ಎರಡು ಬಾರಿಯಾದರೂ ನಾವು ಬೇಸಗೆ ರಜೆಗೆ ಚಳ್ಳಕೆರೆಗೆ ಹೋಗಬೇಕು. ಆ ಐದು ವಾರ ಅವುಗಳನ್ನು ಯಾರು ನೋಡಿಕೊಳ್ಳುತ್ತಾರೆಂಬುದನ್ನು ತರುವ ಮೊದಲೇ ತೀರ್ಮಾನಿಸಬೇಕು. ಎದುರುಮನೆಯ ಅಜ್ಜಿಯನ್ನು ನೀನೇ ಹೋಗಿ ಕೇಳು. ಅವರು ಒಪ್ಪಿದರೆ ‘ಹೌದು’ ಎಂಬ ಚೌಕಕ್ಕೆ ನಾನು ಗುರುತು ಹಾಕುತ್ತೇನೆ.

ಆಮೇಲೆ ಮೊದಲು ಪ್ರಾಣಿರಕ್ಷಣಾ ಕೇಂದ್ರದಲ್ಲಿ ವಿಚಾರಿಸೋಣ, ಮನೆಯಿಲ್ಲದ ಜೋಡಿಗಳು ಅಲ್ಲಿಗೂ ಬರುತ್ತವೆ. ಕಣ್ಣು ಹೊಳೆಯುತ್ತಿದೆಯೇ, ಮೂಗಿನ ಸುತ್ತ ಕೆಂಪಾಗಿಲ್ಲವೇ, ಬಾಲದ ಬುಡ ಒಣಗಿದೆಯೇ ಎಂದು ನೋಡು. ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ಕೂತದ್ದರ ಮೇಲೆ ನಿನಗೆ ಕರುಣೆ ಬರುತ್ತದೆಂದು ನನಗೆ ಗೊತ್ತು. ಅದರ ವಿಷಯ ಅಲ್ಲಿನವರಿಗೆ ತಿಳಿಸೋಣ, ಆದರೆ ಮನೆಗೆ ತರುವುದು ಗಾಜಿನ ಹತ್ತಿರ ಬಂದು ನಿನ್ನನ್ನು ಮೂಸಿ ನೋಡುವ ಜೋಡಿಯನ್ನು.

ಈ ವಾರದಿಂದ ಟಾಯ್ಲೆಟ್ ರೋಲಿನ ಒಳಗಿನ ರಟ್ಟಿನ ಕೊಳವೆಗಳನ್ನು ಎಸೆಯಬೇಡವೆಂದು ಅಮ್ಮನಿಗೂ ಹೇಳು. ನಿನ್ನ ಕೋಣೆಯ ಮೇಜಿನ ಎಡಗಾಲು ಅಲುಗಾಡುತ್ತಿದೆ, ಗಾಜಿನ ತೊಟ್ಟಿಯ ಭಾರ ಅದು ತಡೆಯದು. ಶನಿವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ತೆಗೆದಿಟ್ಟಿರು, ಮೇಜನ್ನು ತಿರುಗಿಸಿ ಹಾಕಿ ಇಬ್ಬರೂ ಸೇರಿ ಸರಿಮಾಡೋಣ.

ಇಂತಿ ನಿನ್ನ ಪ್ರೀತಿಯ,
ಅಪ್ಪ