ಕೊಂದವರಿಗೆ ಸಾಲು ಕೊಡಬೇಡ

ಚಿರಂಜೀವಿ ಮಗಳಿಗೆ,

ದಾವಣಗೆರೆಯಿಂದ ಅಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ಅಪ್ಪಾಜಿಯ ಮಂಡಿನೋವು ಹಾಗೆಯೇ ಇದೆ. ಮಾತ್ರೆಗೂ ಅದಕ್ಕೂ ಒಳಗೊಳಗೇ ರಾಜಿಯಾದಂತಿದೆ.

ನೀನು ಮೊಬೈಲಿಗೆ ಕಳಿಸಿದ ಪದ್ಯವನ್ನು ಅಪ್ಪಾಜಿ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತಂದುಕೊಟ್ಟರು. ಕಾಗದದ ಮೇಲೆ ಕೂರದ ಪದ್ಯವನ್ನು ನನಗೆ ಓದಲಾಗುವುದಿಲ್ಲ. ಏಪ್ರಿಲ್ 22ಕ್ಕೆ ಪಹಲ್ಗಾಮ್ ದಾಳಿಗೆ ವರ್ಷ ತುಂಬುತ್ತದೆ, ಕಾಲೇಜಿನ ಶ್ರದ್ಧಾಂಜಲಿ ಸಭೆಯಲ್ಲಿ ಇದನ್ನು ಓದಬೇಕು, ಹೇಗಿದೆ ಹೇಳು ಎಂದು ಬರೆದಿದ್ದೀಯೆ. ಜೀವಮಾನವಿಡೀ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವಳನ್ನು ಹೀಗೆ ಕೇಳಿದರೆ ಏನಾಗುತ್ತದೆಂದು ನಿನಗೆ ಗೊತ್ತಿರಬೇಕು. ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಪದ್ಯದಲ್ಲಿ ‘ರಕ್ತ’ ಆರು ಸಲ ಬಂದಿದೆ. ‘ರಕ್ಕಸರು’ ನಾಲ್ಕು ಸಲ. ಸತ್ತವರು ಒಂದೇ ಒಂದು ಸಾಲಿನಲ್ಲಿದ್ದಾರೆ, ಅದರಲ್ಲೂ ‘ಅಮರ ವೀರರು’ ಎಂಬ ಹೆಸರಿನಲ್ಲಿ. ಮಿಕ್ಕ ಸಾಲುಗಳೆಲ್ಲ ಕೊಂದವರ ಪಾಲಾಗಿವೆ. ಬೈಯುವುದಕ್ಕೇ ಆದರೂ ಅಷ್ಟೊಂದು ಜಾಗವನ್ನು ಅವರಿಗೇಕೆ ಬಿಟ್ಟುಕೊಟ್ಟೆ? ಅವರಿಗೆ ಬೇಕಾಗಿದ್ದೂ ಅದೇ ಅಲ್ಲವೇ, ನಾವೆಲ್ಲ ಹಗಲೂ ರಾತ್ರಿ ಅವರ ಬಗ್ಗೆಯೇ ಮಾತನಾಡುತ್ತಿರಬೇಕು ಎನ್ನುವುದು?

ಸತ್ತವರು ವೀರರಾಗಲು ಹೋದವರಲ್ಲ ಮಗಳೇ. ರಜೆಗೆ ಹೋದವರು. ಪಹಲ್ಗಾಮಿನ ಬೈಸರನ್ ಹುಲ್ಲುಗಾವಲಿಗೆ ಮೋಟಾರು ರಸ್ತೆ ಇಲ್ಲ, ನಡೆದು ಇಲ್ಲವೇ ಕುದುರೆ ಏರಿ ಹೋಗಬೇಕು. ಅಷ್ಟು ಹತ್ತಿ ಹೋದವರಲ್ಲಿ ಹೊಸದಾಗಿ ಮದುವೆಯಾದವರಿದ್ದರು, ಮಕ್ಕಳ ಪರೀಕ್ಷೆ ಮುಗಿಯಿತೆಂದು ಸಂಸಾರ ಕರೆದುಕೊಂಡು ಹೋದವರಿದ್ದರು, ತಿಂಡಿ ತಿನ್ನುತ್ತ ಫೋಟೊ ತೆಗೆಸಿಕೊಳ್ಳುತ್ತ ಕುಳಿತವರಿದ್ದರು. ಒಟ್ಟು 26 ಜನ ಸತ್ತರು. ನಮ್ಮ ನೆರೆಯ ಶಿವಮೊಗ್ಗದವರೊಬ್ಬರೂ ಅವರಲ್ಲಿದ್ದರು. ಕುದುರೆ ನಡೆಸಿ ಹೊಟ್ಟೆ ಹೊರೆಯುತ್ತಿದ್ದ ಅಲ್ಲಿಯದೇ ಮುಸ್ಲಿಂ ಯುವಕನೊಬ್ಬನೂ ಇದ್ದ. ಹೆಂಡತಿ ಮಕ್ಕಳ ಕಣ್ಣೆದುರಿನಲ್ಲೇ ಗಂಡಸರನ್ನು ಕೊಂದರು.

ಚಿತ್ರದುರ್ಗದ ಸುತ್ತಮುತ್ತಲ ವೀರಗಲ್ಲುಗಳನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವಿನದರಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲಿನದರಲ್ಲಿ ಲಿಂಗದ ಸನ್ನಿಧಿ. ಕತ್ತಿ ಹಿಡಿದು ನಿಂತವನಿಗೆ ಆ ಕಲ್ಲು ಒಪ್ಪುತ್ತದೆ. ಮಗುವಿಗೆ ಸ್ವೆಟರ್ ಹಾಕುತ್ತಿದ್ದವನಿಗೆ ಹೊಂದುವುದಿಲ್ಲ. ಅವನನ್ನು ವೀರನೆಂದು ಕರೆದ ಕೂಡಲೇ ಆ ಸಾವಿಗೆ ಏನೋ ಅರ್ಥವಿತ್ತು, ಅವನೇ ಅದನ್ನು ಆರಿಸಿಕೊಂಡ ಎಂಬಂತೆ ಕೇಳಿಸುತ್ತದೆ. ಅವನು ಸಂಜೆಗೆ ಹೋಟೆಲಿಗೆ ಹಿಂದಿರುಗಬೇಕೆಂದಿದ್ದ, ಅಷ್ಟೇ.

ಕಲ್ಲಿನ ಮಾತು ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಎಂ.ಎ.ಯಲ್ಲಿ ತಮಟಕಲ್ಲು ಶಾಸನವನ್ನು ಓದಿಕೊಂಡಿದ್ದೀಯೆ. ಸುಮಾರು ಕ್ರಿ.ಶ. 500ರದ್ದು, ಕನ್ನಡದಲ್ಲಿ ಸಿಕ್ಕಿರುವ ತೀರಾ ಹಳೆಯ ಪದ್ಯಗಳಲ್ಲಿ ಒಂದು, ಅದೂ ನಮ್ಮ ದುರ್ಗದ ಹತ್ತಿರವೇ. ಗುಣಮಧುರ ಎಂಬವನ ಮೇಲೆ ಬರೆದ ನಾಲ್ಕೇ ಸಾಲು. ಅದರಲ್ಲಿ ರಣಾಂಗಣದ ಮಾತಿದೆ, ಹೊಗಳಿಕೆಯೂ ಇದೆ. ಆದರೆ ನನ್ನನ್ನು ಪ್ರತಿಸಲ ಹಿಡಿದು ನಿಲ್ಲಿಸುವುದು ಮೂರನೆಯ ಸಾಲು: ‘ಪ್ರಣಯಿಜನಕ್ಕೆ ಕಾಮನಸಿತೋತ್ಪಲವರ್ಣನವನ್’. ಒಲಿದವರ ಕಣ್ಣಿಗೆ ಮನ್ಮಥ, ಮೈಬಣ್ಣ ಕನ್ನೈದಿಲೆಯದು. ಹದಿನೈದು ಶತಮಾನ ಕಳೆದ ಮೇಲೂ ಆ ಗುಣಮಧುರ ಕಪ್ಪಗೆ, ಚೆಲುವಾಗಿ ನನ್ನೆದುರು ನಿಲ್ಲುತ್ತಾನೆ. ಅವನ ಎದುರಾಳಿಗಳು ಯಾರಿದ್ದರೋ, ಪದ್ಯ ಅವರ ಹೆಸರನ್ನೇ ಎತ್ತಿಲ್ಲ. ಬರೆದವನು ಜಾಣ.

ನಿನಗೆ ಪೀರಲ ದೇವರ ಹಬ್ಬವೂ ನೆನಪಿರಬೇಕು. ಜಗಳೂರು ಸೀಮೆಯ ನನ್ನ ತವರಿನಲ್ಲಿ ಮೊಹರಂ ಎಂದರೆ ಊರಿಗೆ ಊರೇ ಸೇರುತ್ತಿತ್ತು. ನಿಮ್ಮ ಅಜ್ಜಿ ಹಣೆಗೆ ವಿಭೂತಿ ಹಚ್ಚಿಕೊಂಡೇ ಹೋಗಿ ಸಕ್ಕರೆ ಓದಿಸಿಕೊಂಡು ಬರುತ್ತಿದ್ದರು. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಕೂಡ ದೇವರನ್ನು ಕೂರಿಸುತ್ತಾರೆ. ರಾತ್ರಿ ಅಲಾಯಿ ಕುಣಿಯ ಬೆಂಕಿಯ ಸುತ್ತ ಗಂಡಸರು ಹೆಜ್ಜೆ ಹಾಕುತ್ತ ಹಾಡುತ್ತಿದ್ದರು. ಮುಂದೆ ನಿಂತು ಸೊಲ್ಲು ಎತ್ತಿಕೊಡುತ್ತಿದ್ದವರು ನಮ್ಮ ಹೊಲಕ್ಕೆ ಬರುತ್ತಿದ್ದ ಬೇಸಾಯದ ಆಳು, ಅಕ್ಷರ ಬಾರದವರು. ಎಡಗೈಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಪ್ರವಾದಿಯ ಮೊಮ್ಮಗ ಹುಸೇನರ ಸಂಸಾರವನ್ನು ಮುತ್ತಿದ ಕರ್ಬಲಾದ ಬಯಲಿನಲ್ಲಿ ನೀರಿಲ್ಲದೆ ಒಣಗಿದ ಮಕ್ಕಳ ತುಟಿಯನ್ನು ಹಾಡುವರು. ಹೊಳೆ ಕಣ್ಣಿಗೆ ಕಾಣುತ್ತದೆ, ಬಾಯಿಗೆ ಹನಿ ನೀರಿಲ್ಲ. ಆ ಸಾಲು ಬಂದಾಗ ಹೆಂಗಸರ ಗುಂಪಿನಲ್ಲಿ ಮೂಗು ಸೀಟುವ ಸದ್ದು. ಕ್ರಿ.ಶ. 680ರಲ್ಲಿ ಇರಾಕಿನಲ್ಲಿ ಸತ್ತವರಿಗಾಗಿ ಜಗಳೂರಿನ ಬರದ ನೆಲದವರು ಅಳುತ್ತಿದ್ದರು. ನೀರಿಲ್ಲದ ಕಷ್ಟವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊಂದ ದೊರೆಯ ಹೆಸರು ನಮ್ಮೂರಿನ ಅರ್ಧ ಜನಕ್ಕೆ ತಿಳಿದಿರಲಿಲ್ಲ. ಬಾಯಾರಿದ ಕೂಸು ಎಲ್ಲರಿಗೂ ಗೊತ್ತಿತ್ತು.

ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವುದನ್ನೂ ನೀನು ಕೇಳಿದ್ದೀಯೆ. ಅಲ್ಲಿ ಬರುವುದು ಏನು ಹೇಳು? ಮಜ್ಜಿಗೆಗೆ ಉಪ್ಪು ಜಾಸ್ತಿಯೆಂದು ಇನ್ನು ಯಾರು ಗೊಣಗುತ್ತಾರೆ, ಸಂತೆಯಿಂದ ಬರುವಾಗ ಇನ್ನು ಯಾರು ಹೂವು ತರುತ್ತಾರೆ ಎನ್ನುವುದೇ. ವ್ಯಾಕರಣ ಬಲ್ಲ ನಾವು ಅದನ್ನು ಪದ್ಯವೆಂದು ಒಪ್ಪುವುದಕ್ಕೆ ತಡಮಾಡಿದೆವು. ಆದರೆ ಹಾಗೆ ಅಳುವ ಹಕ್ಕು ಮನೆಯವರದು. ನೀನು ಬೈಸರನ್‌ನ ಹೆಂಡತಿಯ ಬಾಯಿಂದ ಬರೆಯಲು ಹೊರಟಿದ್ದೀಯೆ, ‘ನನ್ನ ಕುಂಕುಮ ಅಳಿಸಿತು’ ಎಂದು. ಆ ಭಾಗವನ್ನು ತೆಗೆದುಬಿಡು. ಆಕೆ ಬದುಕಿದ್ದಾಳೆ, ಆಕೆಗೆ ಬಾಯಿದೆ. ದೂರದವರು ದೂರದವರಂತೆಯೇ ಅತ್ತರೆ ಚೆಂದ.

ಇನ್ನು ಪತ್ರದ ಕೊನೆಯಲ್ಲಿ ನೀನು ಸಣ್ಣ ಅಕ್ಷರದಲ್ಲಿ ಬರೆದದ್ದು. ಅಂದಿನಿಂದ ಪೂಜೆಗೆ ಕುಳಿತರೆ ಮನಸ್ಸು ನಿಲ್ಲುತ್ತಿಲ್ಲ, ಅವತ್ತು ಶಿವ ಎಲ್ಲಿದ್ದ ಎಂದು ಕೇಳಿದ್ದೀಯೆ. ನಿನ್ನ ಅಮ್ಮನ ಹತ್ತಿರ ಇದಕ್ಕೆ ಉತ್ತರವಿಲ್ಲ. ಪೂಜೆಯಲ್ಲಿ ನನಗೆ ಉತ್ತರ ಸಿಕ್ಕಿದ್ದೂ ಇಲ್ಲ, ಅದಕ್ಕಾಗಿ ನಾನು ಕೂರುವುದೂ ಇಲ್ಲ. ದಾಳಿಯಾದ ಆ ವಾರ ಪತ್ರಿಕೆಯಲ್ಲಿ ಸತ್ತವರ ಪಟ್ಟಿ ಬಂದಿತ್ತು, ಹೆಸರು, ಊರು. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕುಳಿತಾಗ ಮಂತ್ರ ಬಾಯಿಗೆ ಬರಲಿಲ್ಲ. ಪತ್ರಿಕೆಯನ್ನು ಪಕ್ಕಕ್ಕೆ ಎಳೆದುಕೊಂಡು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದೆ, ತರಗತಿಯಲ್ಲಿ ಹಾಜರಿ ಕರೆಯುವ ಹಾಗೆ. ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ತಡೆದು ಓದುವುದು ನನಗೆ ಹಳೆಯ ಅಭ್ಯಾಸ. ಆ ತಡೆಯಲ್ಲೇ ಎದೆ ಒಡೆದದ್ದು. ಅಪ್ಪಾಜಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು, ಏನೂ ಕೇಳಲಿಲ್ಲ. ಕೊನೆಯ ಹೆಸರಾದ ಮೇಲೆ ‘ಚಹಾ ಆರುತ್ತಿದೆ’ ಎಂದರು. ಅವತ್ತಿನ ಪೂಜೆ ಅದು. ಶಿವನಿಗೆ ಒಪ್ಪಿಗೆಯಾಯಿತೋ ಇಲ್ಲವೋ ಅವನನ್ನೇ ಕೇಳಬೇಕು.

ನಿನ್ನ ಕೈಯೂ ಹಾಗೆಯೇ ಏನಾದರೊಂದು ಮಾಡಲಿ. ಮನಸ್ಸು ಬಂದಾಗ ಬರುತ್ತದೆ, ಅದಕ್ಕೆ ಅವಸರ ಮಾಡಬೇಡ. ‘ದಯವಿಲ್ಲದ ಧರ್ಮವದೇವುದಯ್ಯಾ’ ಎಂಬ ವಚನವನ್ನು ಪದ್ಯದ ತಲೆಗೆ ಕಟ್ಟಿದ್ದೀಯಲ್ಲ, ಅದೂ ಬೇಡ. ಅದನ್ನು ನಿಮ್ಮ ಪ್ರಾಂಶುಪಾಲರು ಹೇಗೂ ಹೇಳುತ್ತಾರೆ. ಮುಖ್ಯ ಅತಿಥಿಗಳೂ ಹೇಳುತ್ತಾರೆ.

ಅದರ ಬದಲು ಲಲ್ಲೇಶ್ವರಿಯ ನೆನಪು ತಂದುಕೋ. 14ನೆಯ ಶತಮಾನದ ಕಾಶ್ಮೀರದವಳು, ನಮ್ಮ ಅಕ್ಕಮಹಾದೇವಿಗಿಂತ ಸುಮಾರು ಇನ್ನೂರು ವರ್ಷ ಚಿಕ್ಕವಳು. ಅಕ್ಕ ಹುಟ್ಟಿದ ಉಡುತಡಿ ಇರುವುದು ಶಿವಮೊಗ್ಗದ ಶಿಕಾರಿಪುರ ತಾಲ್ಲೂಕಿನಲ್ಲಿ. ಇಬ್ಬರೂ ಸಂಸಾರ ಬಿಟ್ಟು ಶಿವನನ್ನು ಹುಡುಕಿ ಹೊರಟವರು. ಅಕ್ಕ ವಚನ ನುಡಿದಳು, ಲಲ್ಲಾ ನಾಲ್ಕು ಸಾಲಿನ ವಾಖ್‌ಗಳನ್ನು ನುಡಿದಳು. ಶಿವ ಎಲ್ಲೆಲ್ಲೂ ನೆಲೆಸಿದ್ದಾನೆ, ಹಿಂದೂ ಮುಸಲ್ಮಾನ ಎಂದು ಬೇರೆ ಮಾಡಿ ನೋಡಬೇಡ ಎನ್ನುವ ವಾಖ್ ಅವಳದೆಂದೇ ಅಲ್ಲಿಯವರು ಹೇಳಿಕೊಂಡು ಬಂದಿದ್ದಾರೆ. ಅವಳ ಮಾತುಗಳನ್ನು ಪಂಡಿತರೂ ಮುಸಲ್ಮಾನರೂ ಬಾಯಿಂದ ಬಾಯಿಗೆ ಉಳಿಸಿಕೊಂಡರು. ಅಕ್ಕನ ಜಿಲ್ಲೆಯವನೊಬ್ಬ ಲಲ್ಲಾಳ ನೆಲದಲ್ಲಿ ಸತ್ತ ಎಂದು ನೆನೆದುಕೊಂಡಾಗಲೆಲ್ಲ ನನಗೆ ಏನೋ ಆಗುತ್ತದೆ. ಇದನ್ನು ನೀನು ಪದ್ಯ ಮಾಡಲೇಬೇಕೆಂದಿಲ್ಲ. ಹೇಳಬೇಕೆನಿಸಿತು, ಹೇಳಿದೆ.

ದಾಳಿಯ ಮರುದಿನ ಕಾಶ್ಮೀರ ಕಣಿವೆಯಲ್ಲಿ ಅಂಗಡಿಗಳು ಮುಚ್ಚಿದ್ದವು, ಮಸೀದಿಗಳ ಧ್ವನಿವರ್ಧಕಗಳಲ್ಲಿ ಕೊಲೆಯನ್ನು ಖಂಡಿಸಿದರು, ಅಲ್ಲಿಯ ಪತ್ರಿಕೆಗಳು ಮುಖಪುಟವನ್ನು ಕಪ್ಪು ಮಾಡಿಕೊಂಡು ಬಂದವು. ನಮ್ಮ ಕಡೆ ಇದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಇಲ್ಲಿ ಮೇಣದ ಬತ್ತಿಗಳು ಉರಿದವು, ಫ್ಲೆಕ್ಸ್‌ಗಳು ಎದ್ದವು. ಒಂದರಲ್ಲಂತೂ ಸತ್ತವರ ಮುಖಗಳು ಅಂಚೆಚೀಟಿಯಷ್ಟಿದ್ದವು, ಶ್ರದ್ಧಾಂಜಲಿ ಕೋರುವವರ ಮುಖಗಳು ಮಾತ್ರ ದುಂಡಗೆ ದೊಡ್ಡದಾಗಿದ್ದವು.

ನಿನ್ನ ತರಗತಿಯ ಆ ಮುಸ್ಲಿಂ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಸಭೆಯ ದಿನ ರಜೆ ಹಾಕುತ್ತೇನೆ ಮೇಡಂ, ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂದಳಂತಲ್ಲ. ಅವಳಿಂದಲೇ ಖಂಡನೆಯ ನಾಲ್ಕು ಮಾತು ಆಡಿಸಿದರೆ ಎಲ್ಲರ ಬಾಯಿ ಮುಚ್ಚುತ್ತದೆ ಎಂದು ನಿನ್ನ ಸಹೋದ್ಯೋಗಿ ಹೇಳಿದ್ದು, ನಿನಗೂ ಅದು ಸರಿಯೆನಿಸಿದ್ದು. ಸ್ವಲ್ಪ ಯೋಚಿಸಿ ನೋಡು. ಬೈಸರನ್‌ನಿಂದ ಬದುಕಿ ಬಂದವರು ಹೇಳಿದ್ದನ್ನು ನಾವೆಲ್ಲ ಓದಿದ್ದೇವೆ: ಧರ್ಮ ಕೇಳಿದರು, ಕಲಿಮಾ ಹೇಳಿ ಎಂದರು, ಹೇಳಲು ಬಾರದವರಿಗೆ ಗುಂಡು ಹೊಡೆದರು. ಕೋಟ್ಯಂತರ ಜನ ದೇವರ ಮುಂದೆ ತಲೆಬಾಗಿ ಹೇಳುವ ಮಾತನ್ನು ಅವರು ಕೊಲ್ಲುವ ಪರೀಕ್ಷೆಯಾಗಿ ಮಾಡಿಕೊಂಡರು. ಆ ಮಾತಿಗೂ ಅಂದು ಗಾಯವಾಯಿತು. ಈಗ ಹದಿನೇಳು ವರ್ಷದ ಹುಡುಗಿಯನ್ನು ವೇದಿಕೆಗೆ ಹತ್ತಿಸಿ, ನೀನು ನಮ್ಮವಳೆಂದು ತೋರಿಸಲು ಇಂತಿಂಥ ಮಾತು ಹೇಳು ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಗುಂಡಿಲ್ಲ, ನಿಜ. ಪರೀಕ್ಷೆ ಇದೆ.

ಅವಳು ಬಂದರೆ ಎಲ್ಲರ ನಡುವೆ ಕುಳಿತುಕೊಳ್ಳಲಿ, ಬಾರದಿದ್ದರೆ ಅದನ್ನು ಯಾರೂ ದೊಡ್ಡದು ಮಾಡದ ಹಾಗೆ ನೋಡಿಕೋ. ಅವಳಾಗಿಯೇ ಏನಾದರೂ ಓದುತ್ತೇನೆ ಎಂದರೆ ಅದು ಬೇರೆ ಮಾತು, ಆಗ ಅವಳು ಏನು ಓದಬೇಕೆಂದು ನೀವು ಆರಿಸಿಕೊಡಬೇಡಿ. ಅವಳ ಅಜ್ಜಿಯ ಊರು ಚಳ್ಳಕೆರೆಯ ಕಡೆ ಎಂದಿದ್ದೆ. ಪೀರಲ ಪದಗಳಲ್ಲಿ ಒಂದೆರಡು ಆ ಮನೆಯಲ್ಲಿ ಉಳಿದಿದ್ದರೂ ಉಳಿದಿರಬಹುದು.

ಪದ್ಯವನ್ನು ಮತ್ತೆ ಬರೆದು ಕಳಿಸು. ಸಭೆಯಲ್ಲಿ ಅದಕ್ಕೆ ಮೊದಲು 26 ಹೆಸರುಗಳನ್ನು ಓದಿಸಲು ಸಾಧ್ಯವೇ ಎಂದು ಪ್ರಾಂಶುಪಾಲರನ್ನು ಕೇಳು. ಒಪ್ಪಿದರೆ ಮೈಕಿನವನಿಗೆ ಮೊದಲೇ ಹೇಳಿಡು, ಹಿಂದೆ ಕೊಳಲಿನ ಸಂಗೀತ ಹಾಕಬಾರದು. ಮರಾಠಿ, ಗುಜರಾತಿ, ಬಂಗಾಳಿ, ಒಡಿಯಾ ಹೆಸರುಗಳು ಬರುತ್ತವೆ, ಕಾಶ್ಮೀರದ್ದೂ ಒಂದು ಬರುತ್ತದೆ. ನಿಮ್ಮ ಹಿಂದಿ ಮೇಡಂ ಅವರ ಹತ್ತಿರ ಕುಳಿತು ಉಚ್ಚಾರ ತಿದ್ದಿಕೊಂಡು ಓದು. ವಯಸ್ಸು ಹೇಳುವುದು ಬೇಡ, ಊರು ಹೇಳು.

ಇತಿ,
ನಿನ್ನ ಅಮ್ಮ