ಹಾಳುಬಿದ್ದ ಕಾಡೂ ಕಾಡೇ

ಮಾನ್ಯ ಸಂಪಾದಕರೇ,

‘ಅಲ್ಲೇನು ಕಾಡು ಉಳಿದಿದೆ, ಬರೀ ಕುರುಚಲು’ ಎನ್ನುತ್ತ ತೋಟದಂಚಿನ ಮರಗಳಿಗೆ ಕೊಡಲಿ ಹಾಕುವವರನ್ನು ನಮ್ಮ ಮೂಡಿಗೆರೆ ಸೀಮೆಯಲ್ಲಿ ನೋಡುತ್ತಲೇ ಇದ್ದೇನೆ. ಅವರಿಗೆ ಪಶ್ಚಿಮ ಆಫ್ರಿಕಾದ ಗಿನಿ ದೇಶದ ಬೊಸ್ಸು ಎಂಬ ಹಳ್ಳಿಯ ಸಂಗತಿ ಹೇಳಬೇಕು. ಅಲ್ಲಿ ಊರಿಗೆ ಅಂಟಿಕೊಂಡ ಗುಡ್ಡದ ತುಂಡು ಕಾಡಿನಲ್ಲಿ, ಹೊಲಗಳ ನಡುವೆಯೇ, ಚಿಂಪಾಂಜಿಗಳ ಸಣ್ಣ ಗುಂಪೊಂದು ಬಾಳುತ್ತ ಬಂದಿದೆ. 1976ರಿಂದ ಜಪಾನಿನ ವಿಜ್ಞಾನಿಗಳು ಅವುಗಳನ್ನು ಅಭ್ಯಸಿಸಿದ್ದಾರೆ. ಕಲ್ಲಿನ ಮೇಲೆ ತಾಳೆಬೀಜವಿಟ್ಟು ಇನ್ನೊಂದು ಕಲ್ಲಿನಿಂದ ಒಡೆದು ತಿನ್ನುವ ಜಾಣರು ಈ ಚಿಂಪಾಂಜಿಗಳು. ರಸ್ತೆ ದಾಟುವಾಗ ದೊಡ್ಡ ಗಂಡುಗಳು ಹಿಂದೆ ಮುಂದೆ ಕಾವಲು ನಿಂತು ತಾಯಿ ಮರಿಗಳನ್ನು ನಡುವೆ ದಾಟಿಸುತ್ತಿದ್ದವು. (ನಮ್ಮೂರಿನ ಶಾಲೆಯ ಮುಂದೆ ಮಕ್ಕಳಿಗೂ ಇಷ್ಟು ಭದ್ರತೆಯಿಲ್ಲ!) ಆದರೆ 2003ರಲ್ಲಿ ಉಸಿರಾಟದ ಕಾಯಿಲೆಯೊಂದು ಐದು ಚಿಂಪಾಂಜಿಗಳನ್ನು ಬಲಿ ಪಡೆಯಿತು. ಬೇರೆ ಕಾಡುಗಳ ನಂಟು ಕಡಿದಿದ್ದ ಗುಂಪು ಮತ್ತೆ ಚೇತರಿಸಿಕೊಳ್ಳಲಿಲ್ಲ.

ಮಲೇಷ್ಯಾದ ಕಿನಬಟಾಂಗನ್ ನದಿಯ ತೀರದಲ್ಲಿ, ತಾಳೆ ತೋಟಗಳ ನಡುವೆ ಚೂರುಚೂರಾದ ಕಾಡಿನಲ್ಲಿ ಒರಾಂಗುಟಾನ್‌ಗಳು ಬದುಕಿವೆ. ತೊರೆ ದಾಟಲು ಜನ ಕಟ್ಟಿಕೊಟ್ಟ ಹಗ್ಗದ ಸೇತುವೆಗಳನ್ನು ಅವು ಬಳಸುತ್ತವೆ.

ನಮ್ಮಲ್ಲಿರುವುದು ಮಂಗ, ಮುಸುವ. ಬಾಳೆಗೊನೆ ಕಳೆದುಕೊಂಡಾಗ ನಾನೂ ಶಾಪ ಹಾಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಅತ್ತಿ, ಬಸರಿ ಕಡಿದು ಸಿಲ್ವರ್ ಮರ ನೆಟ್ಟವರು ನಾವೇ ಅಲ್ಲವೇ? ಅದರಲ್ಲಿ ಅವು ಯಾವ ಹಣ್ಣು ತಿನ್ನಬೇಕು? ರಸ್ತೆ ಅಗಲಿಸುವ ಇಲಾಖೆಯವರು ಎರಡೂ ಬದಿಯ ಕೊಂಬೆಗಳು ಕೂಡುವ ಕೆಲವು ಕಡೆಯಾದರೂ ಮರ ಉಳಿಸಲಿ. ಕಡಿಯಲೇಬೇಕಾದ ಕಡೆ ಹಗ್ಗದ ಸೇತುವೆ ಕಟ್ಟಲಿ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ