ನಿಮ್ಮ ಕೋಡ್‌ನ ನೋಟ ಬದಲಾಗುತ್ತಿದೆ, ಕೆಲಸ ಅಲ್ಲ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ಬಿಡುಗಡೆಯಲ್ಲಿ ನಿಮ್ಮ ಕೈಸೇರುವ ಪೈಥಾನ್ ಕೋಡ್ ನೋಡೋಕೆ ಬೇರೆ ಥರ ಇರುತ್ತದೆ. ಹೆಚ್ಚೂಕಡಿಮೆ ಎಲ್ಲ ಫೈಲ್‌ಗಳೂ ಬದಲಾದಂತೆ ಕಾಣುತ್ತವೆ. ಗಾಬರಿಯಾಗಬೇಡಿ. ಕೋಡ್‌ನ ಜೋಡಣೆಯನ್ನು, ಅಂದರೆ ಸ್ಪೇಸ್, ಕೋಟ್, ಸಾಲಿನ ಉದ್ದ ಇಂಥವನ್ನು, ಇನ್ನು ಮುಂದೆ ನಾವು ಕೈಯಾರೆ ಮಾಡುವುದಿಲ್ಲ. ಅದನ್ನು ತಾನಾಗಿಯೇ ಮಾಡುವ ಬ್ಲ್ಯಾಕ್ ಎಂಬ ಫಾರ್ಮ್ಯಾಟರ್ ಸಾಫ್ಟ್‌ವೇರ್‌ಗೆ ಬಿಟ್ಟಿದ್ದೇವೆ.

ಈ ತೀರ್ಮಾನಕ್ಕೆ ಬರಲು ನಮಗೆ ಬಹಳ ದಿನ ಹಿಡಿಯಿತು. ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಕೈ. ಒಬ್ಬರಿಗೆ ಸಿಂಗಲ್ ಕೋಟ್ ಇಷ್ಟ, ಇನ್ನೊಬ್ಬರಿಗೆ ಡಬಲ್. ಒಬ್ಬ ಸಹೋದ್ಯೋಗಿಯಂತೂ ಸಾಲುಸಾಲು ಸಮ ಚಿಹ್ನೆಗಳನ್ನು ದಾರ ಹಿಡಿದಂತೆ ಒಂದೇ ನೇರಕ್ಕೆ ತಂದು ನಿಲ್ಲಿಸುತ್ತಿದ್ದರು. ನಿಜಕ್ಕೂ ಚೆಂದ ಇತ್ತು.

ಅಂಥದ್ದೇ ಒಂಬತ್ತು ಸಾಲುಗಳ ಒಂದು ಸೆಟ್ಟಿಂಗ್ಸ್ ಫೈಲ್‌ಗೆ ಒಮ್ಮೆ ಉದ್ದ ಹೆಸರಿನ ಹತ್ತನೇ ಸಾಲು ಸೇರಿತು. ನೇರ ತಪ್ಪಬಾರದೆಂದು ಉಳಿದ ಒಂಬತ್ತರಲ್ಲೂ ಸ್ಪೇಸ್ ಹೆಚ್ಚಿಸಬೇಕಾಯಿತು. ಏನೇನು ಬದಲಾಯಿತೆಂದು ತೋರಿಸುವ ಡಿಫ್ ತೆರೆದರೆ ಹತ್ತೂ ಸಾಲು ಬದಲಾಗಿದ್ದವು. ಅದರ ನಡುವೆ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಅವಧಿ) 30 ಇದ್ದದ್ದು 3 ಆಗಿತ್ತು. ಬರೆದವರಿಗೂ ಕಾಣಲಿಲ್ಲ, ರಿವ್ಯೂ ಮಾಡಿದವರಿಗೂ ಕಾಣಲಿಲ್ಲ. ಆ ತಪ್ಪು ಒಬ್ಬ ಗ್ರಾಹಕರ ಸರ್ವರ್ ತನಕ ಹೋಯಿತು. ಡಿಫ್‌ನಲ್ಲಿ ಆ ಸಾಲು ಒಂದೇ ಬದಲಾಗಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು, ಅಲ್ವಾ? ಅವತ್ತಿನಿಂದ ನಮ್ಮ ಇಷ್ಟಾನಿಷ್ಟಗಳ ಮೇಲಿನ ಹಟ ಸಡಿಲವಾಯಿತು.

ಬ್ಲ್ಯಾಕ್ ಬಂದದ್ದು 2018ರಲ್ಲಿ. ಬೇಕೆಂದೇ ಅದರಲ್ಲಿ ಆಯ್ಕೆಗಳನ್ನು ಕಡಿಮೆ ಇಟ್ಟಿದ್ದಾರೆ. ನಾವಾಗಿ ಬದಲಿಸದಿದ್ದರೆ ಸಾಲಿನ ಉದ್ದದ ಮಿತಿ 88 ಅಕ್ಷರ. ಪೈಥಾನ್‌ನ ಶೈಲಿ ಕೈಪಿಡಿಯಾದ ಪೆಪ್ 8 ಹೇಳುವುದು 79. ನಾವು 88ನ್ನೇ ಒಪ್ಪಿಕೊಂಡಿದ್ದೇವೆ, ಇದನ್ನೂ ಚರ್ಚೆಗೆ ಎಳೆದರೆ ಮತ್ತೆ ಹಳೇ ವಾದವೇ ಶುರು. ಸಮ ಚಿಹ್ನೆಗಳ ಆ ಸಾಲು ಇನ್ನು ಇರುವುದಿಲ್ಲ. ಆ ಸಹೋದ್ಯೋಗಿಗೆ ಬೇಜಾರಾಗಿದೆ, ನಮಗೂ ಆಗಿದೆ. ಮ್ಯಾಟ್ರಿಕ್ಸ್‌ನಂಥ ಅಂಕಿಗಳ ಕೋಷ್ಟಕವನ್ನು ಮಾತ್ರ ಕೈಜೋಡಣೆಯಲ್ಲೇ ಉಳಿಸಿದ್ದೇವೆ. ಅಲ್ಲಿ ಸಾಲು ಮುರಿದರೆ ಓದೋಕೇ ಆಗುವುದಿಲ್ಲ. ಅದರ ಮೇಲೆ, ಕೆಳಗೆ ಫಾರ್ಮ್ಯಾಟರ್ ಮುಟ್ಟಬಾರದೆಂಬ ಕಾಮೆಂಟ್ ಕಾಣುತ್ತದೆ. ದಯವಿಟ್ಟು ಅದನ್ನು ಅಳಿಸಬೇಡಿ.

ಕೋಡ್ ಮಾಡುವ ಕೆಲಸ ಬದಲಾಗಿಲ್ಲ. ಫೈಲ್ ತಿದ್ದುವ ಮೊದಲು ಬ್ಲ್ಯಾಕ್ ಹಳೆಯ ಮತ್ತು ಹೊಸ ಕೋಡ್‌ನ ಸಿಂಟ್ಯಾಕ್ಸ್ ಟ್ರೀಗಳನ್ನು (ಕೋಡ್‌ನ ವ್ಯಾಕರಣ ರಚನೆಯನ್ನು) ಹೋಲಿಸಿ ನೋಡುತ್ತದೆ. ಎರಡೂ ತಾಳೆಯಾಗದಿದ್ದರೆ ಆ ಫೈಲನ್ನು ಹಾಗೇ ಬಿಡುತ್ತದೆ. ನಮ್ಮ ಟೆಸ್ಟ್‌ಗಳನ್ನೂ ಪೂರ್ತಿ ಓಡಿಸಿದ್ದೇವೆ.

ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಈ ಬದಲಾವಣೆ ಪೂರ್ತಿ ಒಂದೇ ಕಮಿಟ್‌ನಲ್ಲಿದೆ, ಅಂದರೆ ಒಂದೇ ದಾಖಲೆಯಲ್ಲಿದೆ. ಬೇರೆ ಯಾವ ತಿದ್ದುಪಡಿಯನ್ನೂ ಅದಕ್ಕೆ ಬೆರೆಸಿಲ್ಲ. ಯಾವ ಸಾಲು ಯಾವ ಕಮಿಟ್‌ನಲ್ಲಿ ಕೊನೆಗೆ ಬದಲಾಯಿತೆಂದು ತೋರಿಸುವ ಗಿಟ್ ಬ್ಲೇಮ್‌ನಲ್ಲಿ ಎಲ್ಲ ಸಾಲಿಗೂ ಆ ಕಮಿಟ್ಟೇ ಕಾಣಬಾರದೆಂದು, ಕಡೆಗಣಿಸಬೇಕಾದ ಕಮಿಟ್‌ಗಳ ಫೈಲನ್ನೂ ರೆಪೊದಲ್ಲಿ (ಕೋಡ್ ಸಂಗ್ರಹದಲ್ಲಿ) ಇಟ್ಟಿದ್ದೇವೆ. 2019ರಲ್ಲಿ ಬಂದ ಗಿಟ್ 2.23 ಅಥವಾ ಅದಕ್ಕಿಂತ ಹೊಸದಿದ್ದರೆ ಸಾಕು. ಸೆಟ್ಟಿಂಗ್ ಹೇಗೆಂದು ರೀಡ್‌ಮಿಯಲ್ಲಿದೆ.

ನೀವೇ ತಿದ್ದಿ ಇಟ್ಟುಕೊಂಡ ಬ್ರಾಂಚ್ (ಕೋಡ್‌ನ ಪ್ರತ್ಯೇಕ ಕವಲು) ಇದ್ದರೆ ಅದನ್ನು ಹೊಸ ಕೋಡ್‌ಗೆ ಸುಮ್ನೆ ಮರ್ಜ್ ಮಾಡಲು, ಅಂದರೆ ಸೇರಿಸಲು, ಹೋಗಬೇಡಿ. ಒಂದೇ ಸಾಲು ಎರಡೂ ಕಡೆ ಬದಲಾಗಿ ಜಾಸ್ತಿ ಕಾನ್‌ಫ್ಲಿಕ್ಟ್ ಬರುತ್ತವೆ. ನಮಗೆ ಕಳಿಸಿ, ಹೊಸ ಕೋಡ್‌ಗೆ ಹೊಂದಿಸಿ ನಾವೇ ಹಿಂದಿರುಗಿಸುತ್ತೇವೆ. ಇದಕ್ಕೆ ಬೇರೆ ಶುಲ್ಕ ಇಲ್ಲ.

ಇಂತಿ,
ನಿಮ್ಮ ಡೆವಲಪ್‌ಮೆಂಟ್ ತಂಡ